ಕಾಫಿಯ ಕಲೆಯೂ ಹಲ್ಲಿನ ಬಿಳುಪೂ

ಬಾಬಾಬುಡನ್ ಎಂಬ ಸಂತರು ಅರಬ್ಬೀ ದೇಶದಿಂದ ಏಳು ಕಾಫಿಯ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಕೇಳದವರು ನಮ್ಮಲ್ಲಿ ವಿರಳ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು ೭೦ ಭಾಗ ಕರ್ಣಾಟಕದ ಬೆಟ್ಟಗಳಿಂದಲೇ ಬರುವುದು. ಬೆಳೆಯುವ ನಾಡೇ ಕುಡಿಯುವ ನಾಡೂ ಆಗಿರುವುದರಿಂದ ಈ ಪಾನೀಯದ ಗುಣದೋಷಗಳ ವಿಚಾರ ನಮಗೆ ಪರಕೀಯವಾದುದಲ್ಲ. ಅದರ ದೋಷಗಳಲ್ಲಿ ಪ್ರಾಣಾಪಾಯವಿಲ್ಲದಿದ್ದರೂ ಮನಸ್ಸಿಗೆ ಕಿರುಕುಳ ಕೊಡತಕ್ಕದ್ದು ಒಂದುಂಟು. ಅದೇ ಹಲ್ಲಿಗೆ ಹತ್ತುವ ಕಂದುಬಣ್ಣ. ಈ ಬಣ್ಣವನ್ನು ತೆಗೆಯುವುದು ಹೇಗೆ ಎಂಬುದು ಅನೇಕರ ಪ್ರಶ್ನೆ. ಆದರೆ ಅದಕ್ಕೆ ಉತ್ತರ ಹೇಳುವ ಮುನ್ನ ಮತ್ತೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ. ಆ ಬಣ್ಣ ಹಲ್ಲಿನ ಮೇಲಿದೆಯೋ, ಹಲ್ಲಿನ ಒಳಗಿದೆಯೋ? ಇದನ್ನು ತಿಳಿಯದೆ ಮಾಡಿದ ಚಿಕಿತ್ಸೆಯಿಂದ ಹಲ್ಲಿಗೂ ಕೆಲವು ವೇಳೆ ಮನುಷ್ಯನ ಮಾನಕ್ಕೂ ಕೇಡುಂಟಾಗುವುದು. ಈ ಭಾಷಣದಲ್ಲಿ ನಾವು ವಿವರಿಸಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಮೊದಲು ಹಲ್ಲಿನ ರಚನೆಯನ್ನು ಸ್ವಲ್ಪ ನೋಡೋಣ. ನಮ್ಮ ಕಣ್ಣಿಗೆ ಕಾಣುವ ಹೊರಗಿನ ಕವಚಕ್ಕೆ ಎನಾಮಲ್ ಎಂದು ಹೆಸರು. ತೂಕದಲ್ಲಿ ಇದರ ನೂರಕ್ಕೆ ಸುಮಾರು ೯೬ ಭಾಗ ಖನಿಜ. ಕ್ಯಾಲ್ಸಿಯಂ ಮತ್ತು ರಂಜಕಗಳು ಕೂಡಿ ಆದ ಸೂಕ್ಷ್ಮವಾದ ಹರಳುಗಳು ಒತ್ತೊತ್ತಾಗಿ ಸೇರಿ ಈ ಕವಚವಾಗಿದೆ. ಮನುಷ್ಯಶರೀರದಲ್ಲಿ ಇದಕ್ಕಿಂತ ಗಡುಸಾದ ವಸ್ತು ಬೇರೊಂದಿಲ್ಲ. ದವಡೆಹಲ್ಲಿನ ಮೊನೆಗಳಲ್ಲಿ ಇದರ ದಪ್ಪ ಸುಮಾರು ಎರಡೂವರೆ ಮಿಲಿಮೀಟರು; ಒಸಡಿನ ಬಳಿಗೆ ಬರುಬರುತ್ತ ತೀರ ತೆಳುವಾಗುವುದು. ಇದರ ಒಳಗಡೆ ಇರುವುದು ಡೆಂಟಿನ್ ಎಂಬ ಪದರ. ಅದು ಎನಾಮಲ್ಲಿಗಿಂತ ಮೃದು, ಬಣ್ಣದಲ್ಲಿ ಹಳದಿ. ಎನಾಮಲ್ಲಾದರೋ ಹಾಲುಗಾಜಿನಂತೆ ಅರೆಪಾರದರ್ಶಕವಾದುದು. ಆದುದರಿಂದ ಆರೋಗ್ಯವಂತನ ಹಲ್ಲು ಕೂಡ ಸುಣ್ಣದ ಗೋಡೆಯಂತೆ ಅಚ್ಚಬಿಳುಪಾಗಿರುವುದಿಲ್ಲ. ಒಳಗಿನ ಹಳದಿ ಹೊರಗಿನ ಕವಚದ ಮೂಲಕ ಹಾದು ಬಂದು ದಂತದ ಬಣ್ಣವಾಗಿ ತೋರುವುದು. ವಯಸ್ಸಾದಂತೆ ಕವಚ ಸವೆದು ಒಳಪದರ ದಪ್ಪನಾಗುವುದರಿಂದ ಹಳದಿ ಹೆಚ್ಚುವುದೂ ಸ್ವಾಭಾವಿಕವೇ.

ಇಲ್ಲಿ ಮರೆಯಬಾರದ ಸಂಗತಿಯೊಂದುಂಟು. ಮೂಳೆ ಮುರಿದರೆ ಕೂಡಿಕೊಳ್ಳುವುದು, ಚರ್ಮ ಹರಿದರೆ ಮಾಯುವುದು. ಎನಾಮಲ್ ಮಾತ್ರ ಒಂದು ಸಲ ಸವೆದುಹೋದರೆ ಮರಳಿ ಬೆಳೆಯುವುದಿಲ್ಲ. ಹಲ್ಲು ಒಸಡನ್ನು ಭೇದಿಸಿಕೊಂಡು ಹೊರಕ್ಕೆ ಮೂಡುವ ವೇಳೆಗೆ ಈ ಕವಚವನ್ನು ಕಟ್ಟಿದ ಜೀವಕಣಗಳು ಅಳಿದುಹೋಗಿರುವುವು. ಬಾಯಿನೀರಿನಲ್ಲಿರುವ ಖನಿಜಗಳಿಂದ ಮೆತ್ತಗಾದ ಭಾಗ ಮತ್ತೆ ಗಟ್ಟಿಯಾಗಬಹುದು. ಆದರೆ ಹೋದ ಪದರ ಹೋದುದೇ. ಬಾಲ್ಯದಲ್ಲಿ ಬಂದ ಈ ಆಸ್ತಿಯನ್ನು ಮುಪ್ಪಿನವರೆಗೂ ನಾವು ಖರ್ಚುಮಾಡಬಲ್ಲೆವೇ ಹೊರತು ಗಳಿಸಲಾರೆವು.

ಇನ್ನು ಕಾಫಿಯ ಕಲೆ ಹತ್ತುವ ಬಗೆ. ನಾವು ಎಷ್ಟು ಚೆನ್ನಾಗಿ ಹಲ್ಲುಜ್ಜಿದರೂ ಕೆಲವೇ ನಿಮಿಷಗಳೊಳಗೆ ಬಾಯಿನೀರಿನ ಪ್ರೋಟೀನುಗಳು ಎನಾಮಲ್ಲಿನ ಮೇಲೆ ಕೂತು ಕಣ್ಣಿಗೆ ಕಾಣದ ಒಂದು ಪೊರೆಯನ್ನು ಹೊದಿಸುವುವು. ಈ ಪೊರೆ ಹಲ್ಲಿಗೆ ಹಿತಕರವಾದುದೇ. ಹುಳಿಯಿಂದ ಅದನ್ನು ತಕ್ಕಮಟ್ಟಿಗೆ ಕಾಪಾಡುವುದು. ಆದರೆ ಕಾಫಿಯಲ್ಲಿರುವ ಒಗರುಗುಣದ ದ್ರವ್ಯಗಳೂ, ಬೀಜವನ್ನು ಹುರಿದಾಗ ಹುಟ್ಟುವ ಕಂದು ವರ್ಣದ್ರವ್ಯಗಳೂ ಅಂಟಿಕೊಳ್ಳುವುದು ಈ ಪೊರೆಗೇ. ದಿನದಿನವೂ ಒಂದರ ಮೇಲೊಂದು ಲೇಪ ಬಿದ್ದು ಬಣ್ಣ ಗಾಢವಾಗುವುದು. ದಿನವೂ ಕಾಫಿ ಹಾಕಿದ ಪಿಂಗಾಣಿಯ ಬಟ್ಟಲನ್ನು ನೀರಿನಲ್ಲಿ ಜಾಲಾಡಿಸಿ ಇಡುತ್ತ ಬಂದರೆ ತಿಂಗಳೊಳಗಾಗಿ ಅದರ ಒಳಮೈ ಹೇಗಾಗುವುದೆಂಬುದನ್ನು ಎಲ್ಲರೂ ನೋಡಿರಬಹುದು. ಹಲ್ಲಿನ ಮೇಲೆ ಕಿಟ್ಟ ಕಟ್ಟಿದ್ದರೆ ಅದು ಒರಟಾಗಿರುವುದರಿಂದ ಬಣ್ಣ ಮತ್ತಷ್ಟು ಸುಲಭವಾಗಿ ಹಿಡಿಯುವುದು. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿ, ಹಲ್ಲುಹಲ್ಲುಗಳ ನಡುವಣ ಸಂದು, ಒಸಡಿನ ಅಂಚು, ಈ ಸ್ಥಳಗಳಲ್ಲಿ ಕಲೆ ಹೆಚ್ಚಾಗಿ ಕಾಣುವುದಕ್ಕೆ ಇದೇ ಕಾರಣ. ಹೀಗೆ ಕಾಫಿಯ ಕಲೆ ಬಹುಮಟ್ಟಿಗೆ ಹೊರಗಿನದು. ಬಹುಕಾಲ ಬಿಟ್ಟರೆ ಅದರ ಸ್ವಲ್ಪ ಭಾಗ ಎನಾಮಲ್ಲಿನ ಸೂಕ್ಷ್ಮವಾದ ಬಿರುಕುಗಳೊಳಕ್ಕೂ ಇಳಿಯಬಹುದು.

ಹೊರಗಿನದಾದರೆ ಉಜ್ಜಿ ತೆಗೆಯಬಹುದಲ್ಲವೆ ಎಂದು ಯಾರಿಗಾದರೂ ತೋರುವುದು ಸಹಜ. ಜನರು ಮಾಡುತ್ತ ಬಂದಿರುವುದೂ ಅದನ್ನೇ. ಇದ್ದಿಲು, ಬೂದಿ, ಇಟ್ಟಿಗೆಯ ಪುಡಿ, ಮರಳುಪ್ಪು, ನಿಂಬೆಯ ಹೋಳು ಇವೇ ಮೊದಲಾದುವು ಹಿತ್ತಿಲ ಬಚ್ಚಲಿನ ಹಳೆಯ ಔಷಧಗಳು. ಇದ್ದಿಲು ಈಚೆಗೆ ಅಂದವಾದ ಕೊಳವೆಗಳಲ್ಲಿ ಹೊಸ ಹೆಸರು ಹೊತ್ತು ಅಂಗಡಿಗೂ ಬಂದಿದೆ. ಇವುಗಳಿಂದ ಕಲೆ ಹೋಗುವುದಿಲ್ಲವೆಂದು ನಾವು ಹೇಳುವುದಿಲ್ಲ. ಕಲೆಯ ಜೊತೆಗೆ ಮತ್ತೇನು ಹೋಗುವುದೆಂಬುದೇ ಪ್ರಶ್ನೆ. ಖನಿಜಗಳ ಗಡುಸುತನವನ್ನು ಅಳೆಯಲು ಮೋಸ್ ಎಂಬ ಪಂಡಿತನು ಏರ್ಪಡಿಸಿದ ಒಂದರಿಂದ ಹತ್ತರವರೆಗಿನ ಕ್ರಮವೊಂದುಂಟು. ಅದರಲ್ಲಿ ಎನಾಮಲ್ಲಿನ ಸ್ಥಾನ ಸುಮಾರು ೫. ಇಟ್ಟಿಗೆಯ ಪುಡಿಯಲ್ಲಿಯೂ ಮರಳಿನಲ್ಲಿಯೂ ಇರುವ ಬೆಣಚುಕಲ್ಲಿನ ಸ್ಥಾನ ೭. ಗಡುಸಾದುದು ಮೆತ್ತಗಿನದನ್ನು ಗೀರುವುದೆಂಬುದು ಶಾಲೆಯ ಹುಡುಗನಿಗೂ ತಿಳಿದಿರುವ ನಿಯಮ.

ನಿಂಬೆಯ ಹಣ್ಣಿನ ಕೆಲಸ ಬೇರೆಯ ಬಗೆಯದು. ಹುಳಿಯ ಪ್ರಮಾಣವನ್ನು ತೋರಿಸುವ ಪಿಎಚ್ ಎಂಬ ಅಂಕ ಸುಮಾರು ೫.೫ಕ್ಕಿಂತ ಕೆಳಗಿಳಿದರೆ ಎನಾಮಲ್ಲಿನ ಖನಿಜ ಕರಗಲು ಮೊದಲಾಗುವುದು. ನಿಂಬೆಯ ರಸದ ಅಂಕ ೨ಕ್ಕೂ ೩ಕ್ಕೂ ನಡುವಿನದು. ಅದನ್ನು ಹಚ್ಚಿ ಮೇಲೆ ಉಪ್ಪಿನಿಂದ ತಿಕ್ಕಿದರೆ, ಮೊದಲು ಮೆತ್ತಗೆ ಮಾಡಿ ಅನಂತರ ಕೆರೆದಂತೆಯೇ ಸರಿ. ವಿದ್ಯಾರ್ಥಿದೆಶೆಯಲ್ಲಿ ನಾವೂ ಈ ಪ್ರಯೋಗವನ್ನು ಮಾಡಿದವರೇ. ಮೊದಲ ವಾರ ಕನ್ನಡಿ ನಮ್ಮನ್ನು ಹೊಗಳಿತು. ಎರಡನೆಯ ತಿಂಗಳಿನಲ್ಲಿ ತಣ್ಣೀರು ಬಾಯಿಗೆ ಬಿದ್ದೊಡನೆ ಹಲ್ಲು ಜುಮ್ಮೆಂದು ಕಣ್ಣಿನಲ್ಲಿ ನೀರೂರತೊಡಗಿತು. ಇಷ್ಟಾದರೂ ಬಿಳುಪು ನಿಲ್ಲಲಿಲ್ಲ. ಏಕೆ ನಿಲ್ಲಲಿಲ್ಲವೆಂಬುದನ್ನು ಮೇಲೆ ಹೇಳಿದ ರಚನೆಯಿಂದಲೇ ತಿಳಿಯಬಹುದು. ಕವಚ ತೆಳುವಾದಷ್ಟೂ ಒಳಗಿನ ಹಳದಿ ಹೆಚ್ಚು ತೋರುವುದು. ಹಲ್ಲನ್ನು ಬೆಳ್ಳಗೆ ಮಾಡಲು ಹೊರಟ ಕೈಯೇ ಅದನ್ನು ಕೊನೆಗೆ ಹಳದಿಮಾಡುವುದು. ಹಳದಿಯನ್ನು ಕಂಡವನು ಮತ್ತೂ ಬಲವಾಗಿ ಉಜ್ಜುವನು. ಮೂಗಿಗಿಂತ ಮೂಗುತಿ ಭಾರವಾಯಿತೆಂಬ ಗಾದೆ ಇಲ್ಲಿ ಚೆನ್ನಾಗಿ ಒಪ್ಪುವುದು.

ಹಾಗಾದರೆ ಮಾಡತಕ್ಕದ್ದೇನು? ಕಲೆಯನ್ನು ತೆಗೆಯುವುದಕ್ಕಿಂತ ಹತ್ತದಂತೆ ನೋಡಿಕೊಳ್ಳುವುದು ಸುಲಭ. ಕಾಫಿಯನ್ನು ಬಿಡಿರೆಂದು ಹೇಳುವ ಕಠಿನಹೃದಯ ನಮಗಿಲ್ಲ. ಆದರೆ ಒಂದು ಲೋಟವನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಗುಟುಕು ಗುಟುಕಾಗಿ ಹೀರುವುದಕ್ಕಿಂತ ಒಂದೇ ಸಲಕ್ಕೆ ಕುಡಿದು ಮುಗಿಸುವುದು ಮೇಲು. ಸಕ್ಕರೆ ಹಾಕಿಕೊಳ್ಳುವವರಿಗಂತೂ ಹುಳುಕಿನ ದೃಷ್ಟಿಯಿಂದಲೂ ಇದೇ ಕ್ಷೇಮ. ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನು ಒಗರುದ್ರವ್ಯಗಳನ್ನು ತಾನೇ ಹಿಡಿದಿಟ್ಟುಕೊಳ್ಳುವುದು. ಹಾಲು ಬೆರೆಸಿದ ಚಹ ಬರಿಯ ಚಹಕ್ಕಿಂತ ಹಲ್ಲಿಗೆ ಕಡಿಮೆ ಬಣ್ಣ ಹಚ್ಚುವುದೆಂದು ಪರೀಕ್ಷೆಗಳಿಂದ ಕಂಡುಬಂದಿದೆ. ಕಾಫಿಗೂ ಇದೇ ನ್ಯಾಯ ಸಲ್ಲುವುದೆಂದು ಊಹಿಸಲು ಅಡ್ಡಿಯಿಲ್ಲ. ನಮ್ಮ ಹಿರಿಯರು ಲೋಟವನ್ನು ತುಟಿಗೆ ತಗಲಿಸದೆ ಎತ್ತಿ ಕುಡಿಯುತ್ತಿದ್ದುದು ಮಡಿಯ ಕಾರಣದಿಂದ. ಹಾಗೆ ಕುಡಿದಾಗ ಮುಂದಿನ ಹಲ್ಲುಗಳಿಗೆ ಕಾಫಿ ತಗಲುವುದು ಕಡಿಮೆಯೆಂಬ ಲಾಭವೂ ಜೊತೆಗೆ ದೊರೆಯುತ್ತಿದ್ದಿರಬೇಕು. ಎಲ್ಲಕ್ಕಿಂತ ಸುಲಭವಾದುದು, ಕುಡಿದೊಡನೆ ಒಂದು ಗುಟುಕು ನೀರನ್ನು ಬಾಯಲ್ಲಿ ಮುಕ್ಕಳಿಸುವುದು. ಇದಕ್ಕೆ ಕಾಸಿನ ಖರ್ಚಿಲ್ಲ.

ಹಲ್ಲುಜ್ಜುವ ಕ್ರಮದಲ್ಲಿಯೂ ಕೆಲವು ನಿಯಮಗಳುಂಟು. ಮೃದುವಾದ ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು, ಬೆಳಗ್ಗೆ ಒಂದು ಸಲ, ಮಲಗುವ ಮುಂಚೆ ಒಂದು ಸಲ, ಸಲವೊಂದಕ್ಕೆ ಎರಡು ನಿಮಿಷ: ಇಷ್ಟೇ ಸಾಕು. ಕಾಫಿಯ ಪಿಎಚ್ ಅಂಕ ಸುಮಾರು ೫ ಇರುವುದರಿಂದ ಅದೂ ಸ್ವಲ್ಪ ಹುಳಿಯೇ. ಆದುದರಿಂದ ಕಾಫಿ ಕುಡಿದ ಕೂಡಲೇ ಉಜ್ಜದೆ, ಮುಕ್ಕಳಿಸಿ ಅರ್ಧ ಗಂಟೆ ಬಿಟ್ಟು ಉಜ್ಜುವುದು ಒಳ್ಳೆಯದು. ಬ್ರಷ್ಷಿನ ಕೂದಲು ಕೆಲವೇ ವಾರಗಳಲ್ಲಿ ಚದರಿ ಮಲಗಿಬಿಟ್ಟರೆ ಉಜ್ಜುವವನ ಕೈ ಒರಟೆಂದು ತಿಳಿಯತಕ್ಕದ್ದು. ಅಡಿಗೆಯ ಸೋಡ ಬೆರೆಸಿದ ಪೇಸ್ಟುಗಳು ಹೊರಗಿನ ಬಣ್ಣವನ್ನು ತಕ್ಕಮಟ್ಟಿಗೆ ತೆಗೆಯುವುವು. ಸೋಡದ ಹರಳು ಎನಾಮಲ್ಲಿಗಿಂತ ಮೃದುವಾದುದರಿಂದ ಸವೆತ ಕಡಿಮೆ.

ಇಷ್ಟಕ್ಕೂ ಹೋಗದ ಬಣ್ಣ ಹೆಚ್ಚಾಗಿ ಕಿಟ್ಟಕ್ಕೆ ಹಿಡಿದ ಬಣ್ಣ. ಕಿಟ್ಟ ಗಟ್ಟಿಯಾದ ಮೇಲೆ ಬ್ರಷ್ಷಿಗೆ ಬಗ್ಗುವುದಿಲ್ಲ. ದಂತವೈದ್ಯರು ಅದನ್ನು ಸಲಕರಣೆಯಿಂದ ಬಿಡಿಸಿ ಹಲ್ಲಿನ ಮೈಯನ್ನು ನುಣುಪುಮಾಡುವರು. ಇದನ್ನು ಸ್ಕೇಲಿಂಗ್ ಎನ್ನುವರು. ಹೀಗೆ ಮಾಡಿಸಿದರೆ ಹಲ್ಲು ಸಡಿಲವಾಗುವುದೆಂಬ ಭಯ ನಮ್ಮ ಜನರಲ್ಲಿ ಬೇರೂರಿದೆ. ವಾಸ್ತವವಾಗಿ ಹಲ್ಲನ್ನು ಸಡಿಲಮಾಡುವುದು ಕಿಟ್ಟದ ಕೆಳಗೆ ನಡೆಯುವ ಒಸಡಿನ ರೋಗ. ರೋಗ ಬಲಿತು ಆಧಾರ ಕರಗಿದ ಹಲ್ಲನ್ನು ಅಲ್ಲಿಯವರೆಗೆ ಕಿಟ್ಟವೇ ಗಾರೆಯಂತೆ ಹಿಡಿದಿರುವುದುಂಟು. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲತನ ಬಯಲಾಗುವುದು. ವೈದ್ಯನ ಮೇಲೆ ಬರುವ ಅಪವಾದ ನ್ಯಾಯವಾಗಿ ವಿಳಂಬದ ಮೇಲೆ ಬರಬೇಕಾದುದು. ಕಾಫಿಯ ಕಲೆಯಿರುವ ಬಹು ಮಂದಿಗೆ ಇಷ್ಟರಿಂದಲೇ ಅವರ ಹಲ್ಲಿನ ಸ್ವಂತ ಬಣ್ಣ ಮರಳಿ ಬರುವುದು.

ಸ್ವಂತ ಬಣ್ಣಕ್ಕಿಂತಲೂ ಹೆಚ್ಚು ಬಿಳುಪನ್ನು ಬಯಸುವವರಿಗೆ ಬ್ಲೀಚಿಂಗ್ ಎಂಬ ವಿಧಾನವಿದೆ. ಹೈಡ್ರೊಜನ್ ಪೆರಾಕ್ಸೈಡ್ ಎಂಬ ದ್ರವ್ಯ ಎನಾಮಲ್ಲಿನ ಮೂಲಕ ಒಳಕ್ಕೆ ಇಳಿದು, ತನ್ನಲ್ಲಿರುವ ಆಮ್ಲಜನಕದ ಶಕ್ತಿಯಿಂದ ವರ್ಣದ ಅಣುಗಳನ್ನು ಒಡೆದು ಬಣ್ಣಗೆಡಿಸುವುದು. ಇದು ಕೆರೆಯುವ ಕ್ರಿಯೆಯಲ್ಲ. ೧೯೮೯ರಲ್ಲಿ ಅಮೆರಿಕದ ಇಬ್ಬರು ದಂತವೈದ್ಯರು, ಹಲ್ಲಿನ ಅಚ್ಚಿಗೆ ಸರಿಯಾದ ತೆಳುವಾದ ತಟ್ಟೆಯಲ್ಲಿ ನೂರಕ್ಕೆ ೧೦ ಭಾಗದ ಕಾರ್ಬಮೈಡ್ ಪೆರಾಕ್ಸೈಡನ್ನು ತುಂಬಿ ರಾತ್ರಿಯಲ್ಲಿ ಧರಿಸುವ ಕ್ರಮವನ್ನು ಪ್ರಕಟಿಸಿದರು. ಈಗ ಮನೆಯಲ್ಲಿ ಮಾಡಿಕೊಳ್ಳುವ ಚಿಕಿತ್ಸೆಗಳಿಗೆಲ್ಲ ಅದೇ ತಳಹದಿ. ಕೆಲವು ದಿನ ಹಲ್ಲು ಜುಮ್ಮೆನ್ನುವುದು, ಒಸಡು ಉರಿಯುವುದು ಇದರ ಸಾಮಾನ್ಯ ಪರಿಣಾಮಗಳು. ಹುಳುಕು ಹಲ್ಲಿಗೆ ಚಿಕಿತ್ಸೆಮಾಡಿಸದೆ ಇದಕ್ಕೆ ಕೈಹಾಕಬಾರದು. ಕೃತಕವಾದ ಟೋಪಿಹಲ್ಲು, ತುಂಬಿಸಿದ ಸಿಮೆಂಟು ಇವುಗಳ ಬಣ್ಣ ಇದರಿಂದ ಬದಲಾಗುವುದಿಲ್ಲ. ಬಂದ ಬಿಳುಪೂ ಶಾಶ್ವತವಲ್ಲ, ಕಾಲಕ್ರಮದಲ್ಲಿ ಇಳಿಯುವುದು. ಈ ದ್ರವ್ಯದ ಪ್ರಮಾಣ ನೂರಕ್ಕೆ ೦.೧ ಭಾಗಕ್ಕಿಂತ ಹೆಚ್ಚಾಗಿ ೬ರ ವರೆಗೆ ಇರುವ ವಸ್ತುಗಳನ್ನು ದಂತವೈದ್ಯರಿಗೆ ಮಾತ್ರ ಮಾರತಕ್ಕದ್ದೆಂದೂ, ೧೮ ವರ್ಷ ತುಂಬದವರ ಮೇಲೆ ಪ್ರಯೋಗಿಸಕೂಡದೆಂದೂ ಐರೋಪ್ಯ ಒಕ್ಕೂಟವು ೨೦೧೧ರಲ್ಲಿ ವಿಧಿಸಿತು. ಎಚ್ಚರಿಕೆ ಎಷ್ಟು ಆವಶ್ಯಕವೆಂಬುದಕ್ಕೆ ಈ ನಿಬಂಧನೆಯೇ ಸಾಕ್ಷಿ.

ಇದುವರೆಗೆ ಹೇಳಿದುದು ಕಾಫಿಯಂಥ ಹೊರಗಿನ ಬಣ್ಣದ ಮಾತು. ಆದರೆ ಕಂದಾಗಿ ಕಂಡ ಹಲ್ಲುಗಳೆಲ್ಲವೂ ಕಾಫಿಯಿಂದ ಹಾಗಾದುವಲ್ಲ. ಈ ತಿಳಿವಳಿಕೆ ನಮಗೆ ಬಂದುದು ಒಂದು ನಾಚಿಕೆಯ ಪ್ರಸಂಗದಿಂದ. ನಮ್ಮ ತರಗತಿಯಲ್ಲಿ ಪಾವಗಡದ ಕಡೆಯ ಹುಡುಗನೊಬ್ಬನಿದ್ದನು. ಬುದ್ಧಿವಂತ, ಆದರೆ ಉತ್ತರ ಹೇಳಲು ಎದ್ದು ನಿಂತಾಗಲೆಲ್ಲ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುವನು. ಅವನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದುವು. ಒಂದು ದಿನ ನಾವು, ಹಿತವನ್ನು ಹೇಳುವ ಭಾವದಿಂದಲೇ, "ಕಾಫಿಯನ್ನು ಸ್ವಲ್ಪ ಕಡಿಮೆಮಾಡಪ್ಪ" ಎಂದೆವು. ಸುತ್ತಲಿನವರು ನಕ್ಕರು. ಹುಡುಗನು ಕೈಯನ್ನು ತೆಗೆಯದೆಯೇ "ಸಾರ್, ನಮ್ಮ ಮನೆಯಲ್ಲಿ ಕಾಫಿಯ ಅಭ್ಯಾಸವಿಲ್ಲ, ನಮ್ಮೂರಿನಲ್ಲಿ ಎಲ್ಲರ ಹಲ್ಲೂ ಹೀಗೆಯೇ" ಎಂದನು.

ಆ ಹುಡುಗನು ಹೇಳಿದ ಮಾತನ್ನೇ ನೂರು ವರ್ಷಕ್ಕೂ ಹಿಂದೆ ಅಮೆರಿಕದ ಒಂದು ಊರಿನ ಜನ ಹೇಳಿದ್ದರು. ೧೯೦೧ರಲ್ಲಿ ಫ್ರೆಡರಿಕ್ ಮೆಕ್ಕೇ ಎಂಬ ತರುಣ ದಂತವೈದ್ಯನು ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದಾಗ, ಅಲ್ಲಿಯೇ ಹುಟ್ಟಿ ಬೆಳೆದ ಅನೇಕರ ಹಲ್ಲು ಕಂದಾಗಿರುವುದನ್ನು ಕಂಡು ಆಶ್ಚರ್ಯಪಟ್ಟನು. ಬಹು ವರ್ಷ ಶೋಧಿಸಿ ದೋಷ ಕುಡಿಯುವ ನೀರಿನಲ್ಲಿದೆಯೆಂದು ನಿಶ್ಚಯಿಸಿದನು. ೧೯೩೧ರಲ್ಲಿ ಎಚ್. ವಿ. ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞನು ಆ ದೋಷ ಫ್ಲೋರೈಡ್ ಎಂದು ಗುರುತಿಸಿದನು. ೧೯೩೭ರಲ್ಲಿ ಆಗಿನ ಮದರಾಸು ಆಧಿಪತ್ಯದ ನೆಲ್ಲೂರು ಜಿಲ್ಲೆಯಲ್ಲಿ ಇದೇ ಫ್ಲೋರೈಡಿನ ಬಾಧೆ, ಮೂಳೆಗಳಿಗೂ ವ್ಯಾಪಿಸಿದ ರೂಪದಲ್ಲಿ, ಕಂಡುಬಂದಿತು. ನಮ್ಮಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಗದಗ ಮೊದಲಾದ ಜಿಲ್ಲೆಗಳ ಅನೇಕ ಹಳ್ಳಿಗಳು ಬಂಡೆಗಳ ನಡುವಿನ ಆಳವಾದ ಕೊಳವೆಬಾವಿಯ ನೀರಿನಿಂದ ಈ ಕಷ್ಟವನ್ನು ಅನುಭವಿಸುತ್ತಿವೆ. ಲೀಟರೊಂದಕ್ಕೆ ಒಂದು ಮಿಲಿಗ್ರಾಮಿನವರೆಗೆ ಫ್ಲೋರೈಡ್ ಇರುವ ನೀರು ಕುಡಿಯಲು ಯೋಗ್ಯವೆಂದೂ, ಬೇರೆ ನೀರು ದೊರೆಯದ ಕಡೆ ಒಂದೂವರೆ ಮಿಲಿಗ್ರಾಮಿನವರೆಗೆ ಇರಬಹುದೆಂದೂ ಭಾರತದ ಮಾನಕ ಹೇಳುವುದು. ಮಗುವಿಗೆ ಸುಮಾರು ಎಂಟು ವರ್ಷವಾಗುವುದರೊಳಗೆ ಎನಾಮಲ್ ಕಟ್ಟುತ್ತಿರುವಾಗ ಇದಕ್ಕಿಂತ ಬಹಳ ಹೆಚ್ಚಿನ ಫ್ಲೋರೈಡ್ ದೇಹಕ್ಕೆ ಸೇರಿದರೆ, ಕವಚದ ರಚನೆಯೇ ಕೆಟ್ಟು, ಸೂಕ್ಷ್ಮರಂಧ್ರಗಳುಳ್ಳದ್ದಾಗಿ, ಬಿಳಿಯ ಮಚ್ಚೆಯಾಗಿ, ಕಡೆಗೆ ಕಂದಾಗುವುದು.

ಇಂಥ ಹಲ್ಲನ್ನು ಬೂದಿಯಿಂದಾಗಲಿ ಪೇಸ್ಟಿನಿಂದಾಗಲಿ ಉಜ್ಜಿ ಫಲವಿಲ್ಲ. ನೀರನ್ನು ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಪ್ರಮಾಣ ಏರುವುದು. ಚಿಕ್ಕ ಮಕ್ಕಳಿಗೆ ಮಳೆಯ ನೀರನ್ನೋ ಶುದ್ಧೀಕರಿಸಿದ ನೀರನ್ನೋ ಕೊಡುವುದೇ ಉಪಾಯ. ಆಗಿಹೋದ ಕಲೆಗೆ ದಂತವೈದ್ಯರಲ್ಲಿ ಕೆಲವು ಚಿಕಿತ್ಸೆಗಳುಂಟು. ಇದೇ ಫ್ಲೋರೈಡ್ ಅಲ್ಪಪ್ರಮಾಣದಲ್ಲಿ ಹಲ್ಲನ್ನು ಹುಳುಕಿನಿಂದ ಕಾಪಾಡುವುದೆಂಬುದೂ ಮೆಕ್ಕೇಯ ಶೋಧನೆಯಿಂದಲೇ ಹೊರಟ ಸತ್ಯ. ಆದುದರಿಂದ ಪೇಸ್ಟಿನ ಫ್ಲೋರೈಡಿಗೆ ಹೆದರಬೇಕಾಗಿಲ್ಲ. ಆದರೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಬಟಾಣಿಯ ಕಾಳಿನಷ್ಟು, ಅದಕ್ಕಿಂತ ಚಿಕ್ಕವರಿಗೆ ಅಕ್ಕಿಯ ಕಾಳಿನಷ್ಟು ಮಾತ್ರ ಕೊಟ್ಟು, ನುಂಗದೆ ಉಗುಳುವುದನ್ನು ಕಲಿಸತಕ್ಕದ್ದು.

ಒಳಗಿನ ಬಣ್ಣಕ್ಕೆ ಇನ್ನೂ ಕೆಲವು ಕಾರಣಗಳಿವೆ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಟೆಟ್ರಸೈಕ್ಲಿನ್ ಎಂಬ ಔಷಧವನ್ನು ಕೊಟ್ಟಿದ್ದರೆ ಹಲ್ಲಿನಲ್ಲಿ ಬೂದುಕಂದು ಪಟ್ಟೆಗಳು ಮೂಡುವುವು. ಪೆಟ್ಟುಬಿದ್ದು ಒಳಗಿನ ನರ ಸತ್ತ ಹಲ್ಲು ಒಂಟಿಯಾಗಿ ಕಪ್ಪಾಗುವುದು. ಒಂದೇ ಹಲ್ಲು ಬಣ್ಣಗೆಟ್ಟಿದ್ದರೆ ಕಾಫಿಯನ್ನು ದೂರದೆ ವೈದ್ಯರಲ್ಲಿಗೆ ಹೋಗಬೇಕು. ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ಮುಕ್ಕಳಿಸುವ ಔಷಧವನ್ನು ವಾರಗಟ್ಟಲೆ ಬಳಸಿದರೂ ಕಂದುಬಣ್ಣ ಬರುವುದು. ಅದು ಹೊರಗಿನದಾದುದರಿಂದ ವೈದ್ಯರು ತೆಗೆದುಬಿಡಬಲ್ಲರು.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ನಮ್ಮ ಗಾದೆ ಹಲ್ಲಿನ ಬಣ್ಣದ ಮಾತನ್ನೇ ಎತ್ತುವುದಿಲ್ಲ. ಕಡಲೆಯನ್ನು ಅಗಿಯಬಲ್ಲ, ನೋವಿಲ್ಲದ, ಒಸಡು ಗಟ್ಟಿಯಾಗಿರುವ ಹಲ್ಲು ಸ್ವಲ್ಪ ಹಳದಿಯಾಗಿದ್ದರೂ ಒಳ್ಳೆಯ ಹಲ್ಲೇ. ಕಾಫಿಯ ಕಲೆಯನ್ನು ನೀರಿನಿಂದಲೂ ಮೃದುವಾದ ಬ್ರಷ್ಷಿನಿಂದಲೂ ಹತೋಟಿಯಲ್ಲಿಟ್ಟು, ಉಳಿದುದನ್ನು ವರ್ಷಕ್ಕೊಂದೆರಡು ಸಲ ವೈದ್ಯರಿಗೆ ತೋರಿಸಿದರೆ ಕೆಲಸ ಮುಗಿಯಿತು. ಎದುರಿನವರ ಬಾಯಲ್ಲಿ ಕಂದು ಹಲ್ಲು ಕಂಡಾಗ ಮಾತ್ರ ಉಪದೇಶಕ್ಕೆ ಆತುರಪಡದಿರೋಣ. ಅದು ಅವರು ಕುಡಿದ ಕಾಫಿಯ ಗುರುತಾಗಿರಬಹುದು. ಕುಡಿಯಲು ಬೇರೆ ನೀರು ದೊರೆಯದ ಬಾಲ್ಯದ ಗುರುತೂ ಆಗಿರಬಹುದು. ನಮ್ಮ ವಿದ್ಯಾರ್ಥಿಯ ಕ್ಷಮೆಯನ್ನು ನಾವು ಮರುದಿನವೇ ತರಗತಿಯ ಎದುರಿನಲ್ಲಿ ಕೇಳಿದೆವು. ಅವನು ಏನೂ ಹೇಳಲಿಲ್ಲ. ಆದರೆ ಆ ವರ್ಷ ಕಳೆಯುವುದರೊಳಗೆ, ಅಂಗೈಯನ್ನು ಅಡ್ಡ ಹಿಡಿಯದೆ ಉತ್ತರ ಹೇಳಲು ಕಲಿತನು.